ಲೋಹಲೇಪನದ ಒಗಟು ಬಿಡಿಸಿದ ನೆರ್ನ್ಸ್ಟ್

ಮೈಲುತುತ್ತದ ದ್ರಾವಣದಲ್ಲಿ ಕಬ್ಬಿಣದ ಮೊಳೆಯನ್ನು ಅದ್ದಿದರೆ, ವಿದ್ಯುತ್ ಹರಿಸುವ ಮೊದಲೇ ಅದರ ಮೇಲೆ ತಾಮ್ರ ಕೂರುತ್ತದೆ. ಆದರೆ ಆ ಪದರ ಸಡಿಲ, ಉಜ್ಜಿದರೆ ಉದುರುತ್ತದೆ. ಸಯನೈಡ್ ಬೆರೆತ ದ್ರಾವಣದಲ್ಲಿ ಲೇಪನ ಭದ್ರವಾಗುತ್ತದೆಂಬುದು ಕುಶಲಕರ್ಮಿಗಳಿಗೆ ಅನುಭವದಿಂದ ತಿಳಿದಿತ್ತು. ಇಂಗ್ಲೆಂಡಿನ ಎಲ್ಕಿಂಗ್ಟನ್ ಬಂಧುಗಳು 1840ರಲ್ಲೇ ಅಂತಹ ದ್ರಾವಣದಿಂದ ಚಿನ್ನ, ಬೆಳ್ಳಿ ಲೇಪಿಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ಇದರ ಹಿಂದಿನ ಲೆಕ್ಕಾಚಾರಕ್ಕೆ ದಾರಿ ತೋರಿದವರು ಜರ್ಮನಿಯ ವಾಲ್ಟರ್ ನೆರ್ನ್ಸ್ಟ್.

ಅಂದಿನ ಪ್ರಷ್ಯಾದ, ಇಂದಿನ ಪೋಲೆಂಡಿಗೆ ಸೇರಿದ ಬ್ರೀಸೆನ್ ಪಟ್ಟಣದಲ್ಲಿ 1864ರ ಜೂನ್ 25ರಂದು ನ್ಯಾಯಾಧೀಶರೊಬ್ಬರ ಮಗನಾಗಿ ನೆರ್ನ್ಸ್ಟ್ ಜನಿಸಿದರು. 1887ರಲ್ಲಿ ಡಾಕ್ಟರೇಟ್ ಗಳಿಸಿ, ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ಆಸ್ಟ್‌ವಾಲ್ಡ್ ಅವರ ಸಹಾಯಕರಾದರು. ತಮ್ಮ ಹೆಸರಿನಿಂದಲೇ ಖ್ಯಾತವಾದ ಸಮೀಕರಣವನ್ನು 1889ರಲ್ಲಿ ಮಂಡಿಸಿದಾಗ ಅವರಿಗೆ 25 ವರ್ಷ.

ಲೋಹವು ಅಯಾನುಗಳನ್ನು ದ್ರಾವಣಕ್ಕೆ ಬಿಡಲು ಹವಣಿಸುತ್ತದೆ. ದ್ರಾವಣದ ಅಯಾನುಗಳು ಲೋಹಕ್ಕೆ ಮರಳಲು ತವಕಿಸುತ್ತವೆ. ಈ ಜಗ್ಗಾಟದ ಅಳತೆಯೇ ವಿದ್ಯುದ್ವಾರ ವಿಭವ. ಹೈಡ್ರೋಜನ್ ವಿದ್ಯುದ್ವಾರವನ್ನು ಸೊನ್ನೆಯೆಂದು ಎಣಿಸಿದರೆ ತಾಮ್ರದ ಪ್ರಮಾಣ ವಿಭವ +0.34 ವೋಲ್ಟ್, ಕಬ್ಬಿಣದ್ದು -0.44 ವೋಲ್ಟ್. ಆದ್ದರಿಂದಲೇ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತದೆ, ತಾಮ್ರ ಅದರ ಮೇಲೆ ಕೂರುತ್ತದೆ.

ಅಯಾನುಗಳು ವಿರಳವಾದಂತೆ ವಿಭವ ಇಳಿಯುತ್ತದೆ ಎಂಬುದು ಸಮೀಕರಣದ ತಿರುಳು. ಒಂದು ಎಲೆಕ್ಟ್ರಾನ್ ಪಡೆಯುವ ಅಯಾನಿನ ಸಾರತೆ ಹತ್ತರಲ್ಲೊಂದು ಪಾಲಾದರೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಳಿಕೆ ಸುಮಾರು 0.059 ವೋಲ್ಟ್. ಸಯನೈಡ್ ತಾಮ್ರದ ಅಯಾನುಗಳನ್ನು ಬಿಗಿಯಾಗಿ ಹಿಡಿದಿಡುವುದರಿಂದ ದ್ರಾವಣದಲ್ಲಿ ಬಿಡಿ ಅಯಾನುಗಳು ಅತ್ಯಲ್ಪ. ತಾಮ್ರದ ವಿಭವ ಕಬ್ಬಿಣದ ಮಟ್ಟಕ್ಕೆ ಕುಸಿಯುತ್ತದೆ. ತಾನಾಗಿ ಕೂರುವ ಸಡಿಲ ಪದರಕ್ಕೆ ಆಸ್ಪದವಿಲ್ಲದೆ, ಹೊರಗಿನ ವಿದ್ಯುತ್ತಿನಿಂದ ತಾಮ್ರ ಭದ್ರವಾಗಿ ಅಂಟುತ್ತದೆ.

1905ರಲ್ಲಿ ಬರ್ಲಿನ್ ಸೇರಿದ ನೆರ್ನ್ಸ್ಟ್, ಉಷ್ಣಗತಿ ವಿಜ್ಞಾನದ ಮೂರನೆಯ ನಿಯಮಕ್ಕೆ ಅಡಿಪಾಯ ಹಾಕಿದರು. ಉಷ್ಣ ರಸಾಯನ ವಿಜ್ಞಾನದ ಕಾರ್ಯಕ್ಕಾಗಿ 1920ರ ನೊಬೆಲ್ ಅವರಿಗೆ ಸಂದಿತು. ಕೀರ್ತಿಯೊಡನೆ ಶೋಕವೂ ಬಂತು. ಮೊದಲ ಮಹಾಯುದ್ಧದಲ್ಲಿ ಸ್ವತಃ ಸೇನೆಗಾಗಿ ದುಡಿದ ಅವರು ಅದೇ ಯುದ್ಧದಲ್ಲಿ ಇಬ್ಬರು ಪುತ್ರರನ್ನು ಕಳೆದುಕೊಂಡರು. ನಾಜಿಗಳ ಆಳ್ವಿಕೆಯಲ್ಲಿ, ಯಹೂದಿಯರನ್ನು ವರಿಸಿದ್ದ ಇಬ್ಬರು ಪುತ್ರಿಯರು ದೇಶ ತೊರೆಯಬೇಕಾಯಿತು. ಆ ಆಡಳಿತವನ್ನು ಒಪ್ಪದ ನೆರ್ನ್ಸ್ಟ್ 1933ರಲ್ಲಿ ನಿವೃತ್ತರಾಗಿ ತ್ಸಿಬೆಲ್ಲೆಯ ತಮ್ಮ ಎಸ್ಟೇಟಿಗೆ ಸರಿದರು. 1941ರ ನವೆಂಬರ್ 18ರಂದು ಅಲ್ಲಿಯೇ ಕೊನೆಯುಸಿರೆಳೆದರು.

ರಾಜ್ಯದ ದ್ವಿತೀಯ ಪಿಯು ವಿಜ್ಞಾನ ವಿದ್ಯಾರ್ಥಿಗಳು ಇಂದಿಗೂ ಅವರ ಸಮೀಕರಣವನ್ನು ಬಿಡಿಸುತ್ತಾರೆ. ಒಡೆದ ಕುಟುಂಬದ ಆ ವೃದ್ಧನ ದುಃಖ ಪಠ್ಯದಲ್ಲಿಲ್ಲ. ಯೌವನದ ಆ ಸಾಧನೆ ಮಾತ್ರ ಉಳಿದಿದೆ.