ಬಿಯರ್, ಚೀಸ್ ಮತ್ತು ಲೂಯಿ ಪಾಶ್ಚರ್

ಬಿಯರಿನೊಡನೆ ಚೀಸ್ ಸವಿಯುವುದು ಯುರೋಪಿನ ಹಳೆಯ ರೂಢಿ. ಬಿಯರಿನ ಕಹಿ ಮತ್ತು ಗುಳ್ಳೆಗಳು ಚೀಸಿನ ಜಿಡ್ಡನ್ನು ನಾಲಗೆಯಿಂದ ತೊಳೆಯುತ್ತವೆ. ಮಾಲ್ಟಿನ ಸಿಹಿ ಚೀಸಿನ ಉಪ್ಪಿಗೆ ಸರಿದೂಗುತ್ತದೆ. ಆದರೆ ಇವೆರಡರ ನಂಟು ನಾಲಗೆಗಷ್ಟೇ ಸೀಮಿತವಲ್ಲ. ಎರಡೂ ಸೂಕ್ಷ್ಮಜೀವಿಗಳ ದುಡಿಮೆಯ ಫಲ. ಈ ಸತ್ಯವನ್ನು ಪ್ರಯೋಗಗಳಿಂದ ಸ್ಥಾಪಿಸಿದವರಲ್ಲಿ ಅಗ್ರಗಣ್ಯನು ಲೂಯಿ ಪಾಶ್ಚರ್. ಹುಚ್ಚುನಾಯಿ ಕಡಿತದ ಲಸಿಕೆಯಿಂದ ನಮಗೆ ಪರಿಚಿತನಾದ ಈತನು ಬಿಯರಿಗಾಗಿ ಹಲವು ವರ್ಷ ಶ್ರಮಿಸಿದನೆಂಬುದನ್ನು ಬಲ್ಲವರು ವಿರಳ.

ಪಾಶ್ಚರ್ ಜನಿಸಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ಜುರಾ ಸೀಮೆಯ ದೋಲ್ ಪಟ್ಟಣದಲ್ಲಿ. ತಂದೆಯದು ಚರ್ಮ ಹದ ಮಾಡುವ ವೃತ್ತಿ. ಬಾಲ್ಯ ಕಳೆದದ್ದು ಅದೇ ಸೀಮೆಯ ಆರ್ಬುವಾದಲ್ಲಿ. ದ್ರಾಕ್ಷಾರಸಕ್ಕೂ ಕೊಂತೆ ಎಂಬ ಚೀಸಿಗೂ ಹೆಸರಾದ ನಾಡು ಅದು.

ರಸಾಯನಶಾಸ್ತ್ರಜ್ಞನಾಗಿ 1854ರಲ್ಲಿ ಲೀಲ್ ನಗರ ಸೇರಿದ ಪಾಶ್ಚರ್, ಅಲ್ಲಿನ ಮದ್ಯಸಾರ ತಯಾರಕರ ಸಂಕಷ್ಟವನ್ನು ಕಂಡು ಹುದುಗುವಿಕೆಯ ಅಧ್ಯಯನಕ್ಕೆ ತೊಡಗಿದನು. ಅದು ಕೇವಲ ರಾಸಾಯನಿಕ ಕ್ರಿಯೆಯೆಂದು ಅಂದಿನ ಅನೇಕ ಪಂಡಿತರು ನಂಬಿದ್ದರು. ಹಾಲು ಹುಳಿಯುವುದೂ ಜೀವಕಣಗಳಿಂದಲೇ ಎಂದು 1857ರಲ್ಲಿ ಪಾಶ್ಚರ್ ಪ್ರತಿಪಾದಿಸಿದನು. ನಮ್ಮ ಮನೆಗಳಲ್ಲಿ ಹಾಲಿಗೆ ಹೆಪ್ಪು ಹಾಕುವ ಕ್ರಿಯೆಯ ಹಿಂದಿರುವುದೂ ಇದೇ ತತ್ತ್ವ.

ಬಾಳು ಮಾತ್ರ ಕಠಿಣವಾಗಿತ್ತು. 1859ರಿಂದ 1866ರ ನಡುವೆ ಮೂವರು ಹೆಣ್ಣುಮಕ್ಕಳು ತೀರಿಕೊಂಡರು. 1868ರಲ್ಲಿ ಪಾರ್ಶ್ವವಾಯು ಬಡಿದು ದೇಹದ ಎಡಭಾಗ ಸ್ವಾಧೀನ ತಪ್ಪಿತು. 1870ರಲ್ಲಿ ಜರ್ಮನರೊಡನೆ ಯುದ್ಧ ಆರಂಭವಾಯಿತು. ಸೋತು ಹಿಮ್ಮೆಟ್ಟುತ್ತಿದ್ದ ಸೇನೆಯಲ್ಲಿದ್ದ ಮಗನನ್ನು ಅರಸುತ್ತ ಪಾಶ್ಚರ್ ಚಳಿಗಾಲದ ದಾರಿಗಳಲ್ಲಿ ಅಲೆದನು. ಮಗ ಜೀವಂತವಾಗಿ ಸಿಕ್ಕನು. ಆದರೆ ತಂದೆಯ ಮನಸ್ಸಿನ ಗಾಯ ಮಾಯಲಿಲ್ಲ. ಬಾನ್ ವಿಶ್ವವಿದ್ಯಾಲಯ ನೀಡಿದ್ದ ಗೌರವ ಪದವಿಯನ್ನು ಆತನು ಹಿಂದಿರುಗಿಸಿದನು.

ಬಿಯರ್ ತಯಾರಿಕೆಯಲ್ಲಿ ಜರ್ಮನಿ ಮುಂದಿತ್ತು. ಅದನ್ನು ಮೀರಿಸಬಲ್ಲ ಫ್ರೆಂಚ್ ಬಿಯರ್ ಆಗಬೇಕೆಂಬ ಹಟದಿಂದ 1871ರಲ್ಲಿ ಕ್ಲೆರ್ಮಾಂಟ್ ಬಳಿಯ ಶಮಾಲಿಯೇರ್‌ನ ಪುಟ್ಟ ಬಿಯರ್ ತಯಾರಿಕಾ ಘಟಕದಲ್ಲಿ ಪ್ರಯೋಗ ಆರಂಭವಾಯಿತು. ಅದೇ ವರ್ಷ ಲಂಡನ್ನಿನ ವಿಟ್‌ಬ್ರೆಡ್ ಘಟಕಕ್ಕೆ ಭೇಟಿಯಿತ್ತು, ಅಲ್ಲಿನ ಯೀಸ್ಟಿನಲ್ಲಿ ಬೆರೆತಿದ್ದ ಹಾನಿಕಾರಕ ಜೀವಿಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದನು. ಕೆಲವೇ ದಿನಗಳಲ್ಲಿ ಆ ಸಂಸ್ಥೆಯವರು ತಾವೂ ಒಂದು ಸೂಕ್ಷ್ಮದರ್ಶಕವನ್ನು ಕೊಂಡರು. ಬಿಯರ್ ಕುರಿತ ಪಾಶ್ಚರನ ಗ್ರಂಥ 1876ರಲ್ಲಿ ಹೊರಬಂದಿತು. ಅನ್ಯ ಜೀವಿಗಳ ಸೋಂಕಿಲ್ಲದ ಯೀಸ್ಟ್ ಬಳಸಿದರೆ ಬಿಯರ್ ಕೆಡದೆಂಬುದೇ ಅದರ ಸಾರ. ಚೀಸ್ ಹಾಗೂ ಹಾಲಿನ ಸೂಕ್ಷ್ಮಜೀವಿಗಳ ಅಧ್ಯಯನವನ್ನು ಮುಂದುವರಿಸಿದವನು ಶಿಷ್ಯ ಎಮಿಲ್ ದ್ಯುಕ್ಲೋ. 1895ರ ಸೆಪ್ಟೆಂಬರ್ 28ರಂದು ಪಾಶ್ಚರ್ ನಿಧನನಾದ ಮೇಲೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಹೊಣೆ ಹೊತ್ತವನೂ ಈತನೇ.

ದ್ರಾಕ್ಷಾರಸ ಕೆಡದಂತೆ ಹದವಾಗಿ ಕಾಯಿಸುವ ವಿಧಾನಕ್ಕೆ ಪಾಶ್ಚರ್ 1865ರಲ್ಲಿ ಹಕ್ಕುಸ್ವಾಮ್ಯ ಪಡೆದಿದ್ದನು. ಪಾಶ್ಚರೀಕರಣವೆಂದು ಹೆಸರಾದ ಆ ವಿಧಾನ ಮುಂದೆ ಬಾಟಲಿಯ ಬಿಯರಿಗೂ ಹಾಲಿಗೂ ಅನ್ವಯವಾಗಿ ಅಸಂಖ್ಯ ಜೀವಗಳನ್ನು ಉಳಿಸಿತು. ವಿಶೇಷವೆಂದರೆ, ಆತನ ತವರಿನ ಕೊಂತೆ ಚೀಸನ್ನು ಇಂದಿಗೂ ಪಾಶ್ಚರೀಕರಿಸದ ಹಸಿ ಹಾಲಿನಿಂದಲೇ ಮಾಡಬೇಕೆಂಬ ನಿಯಮವಿದೆ. ಅದರ ಸ್ವಾದಕ್ಕೆ ಹಾಲಿನ ಸಹಜ ಸೂಕ್ಷ್ಮಜೀವಿಗಳೂ ಬೇಕು. ಇದು ಪಾಶ್ಚರನಿಗೆ ಆದ ಸೋಲಲ್ಲ. ಕೆಡಿಸುವ ಜೀವಿ ಯಾವುದು, ಕಟ್ಟುವ ಜೀವಿ ಯಾವುದು ಎಂಬ ವಿವೇಕವನ್ನು ಜಗತ್ತಿಗೆ ಕಲಿಸಿದವನೇ ಆತನು.