ಕಾರಿಗೆ ಕೊಡಲಿ ಬೀಸಿದ್ದ ಹೆನ್ರಿ ಫೋರ್ಡ್: ಹಗುರ ಕಾರಿನ ಕನಸು ಏನಾಯ್ತು?

1940ರ ನವೆಂಬರ್ ತಿಂಗಳು. ಅಮೆರಿಕದ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್ ಪಟ್ಟಣದಲ್ಲಿ 77 ವರ್ಷದ ಹೆನ್ರಿ ಫೋರ್ಡ್ ತಮ್ಮ ಸ್ವಂತ ಕಾರಿನ ಹಿಂದೆ ಕೊಡಲಿ ಎತ್ತಿ ನಿಂತಿದ್ದರು. ಬೀಸಿ ಹೊಡೆದರು. ಕಾರಿನ ಹಿಂಬದಿಯ ಮುಚ್ಚಳಕ್ಕೆ ಏನೂ ಆಗಲಿಲ್ಲ. ಆ ಮುಚ್ಚಳ ಉಕ್ಕಿನದ್ದಲ್ಲ, ಸೋಯಾಬೀನ್‌ನಿಂದ ತಯಾರಿಸಿದ ಪ್ಲಾಸ್ಟಿಕ್. ಹಗುರವಾದದ್ದು ದುರ್ಬಲವಲ್ಲ ಎಂದು ಜಗತ್ತಿಗೆ ತೋರಿಸುವುದು ಅವರ ಉದ್ದೇಶವಾಗಿತ್ತು.

ಈ ನಂಬಿಕೆ ಫೋರ್ಡ್‌ಗೆ ಬಂದಿದ್ದು ಎಲ್ಲಿಂದ?

ಫೋರ್ಡ್ ಹುಟ್ಟಿದ್ದು 1863ರ ಜುಲೈ 30ರಂದು, ಡೆಟ್ರಾಯಿಟ್ ಬಳಿಯ ಒಂದು ರೈತ ಕುಟುಂಬದಲ್ಲಿ. ಹೊಲದ ಕೆಲಸ ಅವರಿಗೆ ಹಿಡಿಸಲಿಲ್ಲ. ಗಡಿಯಾರ ಬಿಚ್ಚಿ ಜೋಡಿಸುವುದೆಂದರೆ ಪ್ರಾಣ. 12ನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. 16ರ ಹರೆಯದಲ್ಲಿ ಯಂತ್ರದ ಕೆಲಸ ಕಲಿಯಲು ಡೆಟ್ರಾಯಿಟ್ ಸೇರಿದರು. 1891ರಲ್ಲಿ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರ್ ಆದರು.

ಕೆಲಸ ಮುಗಿಸಿ ಬಂದ ಮೇಲೆ ರಾತ್ರಿಯೆಲ್ಲ ಮನೆ ಹಿಂದಿನ ಶೆಡ್‌ನಲ್ಲಿ ದುಡಿದು, 1896ರ ಜೂನ್‌ನಲ್ಲಿ ಮೊದಲ ಬಂಡಿ ಸಿದ್ಧಪಡಿಸಿದರು. ಸೈಕಲ್ ಮಾದರಿಯ ನಾಲ್ಕು ಚಕ್ರಗಳ ಆ ಬಂಡಿಯ ತೂಕ ಸುಮಾರು 225 ಕೆ.ಜಿ. ಮಾತ್ರ. ಆದರೆ ಶೆಡ್‌ನ ಬಾಗಿಲು ಚಿಕ್ಕದು, ಬಂಡಿ ದೊಡ್ಡದು! ಫೋರ್ಡ್ ಕೊಡಲಿ ತಂದು ಇಟ್ಟಿಗೆ ಗೋಡೆಯನ್ನೇ ಒಡೆದು ಬಂಡಿಯನ್ನು ಬೀದಿಗೆ ತಂದರು.

ತೂಕ ಇಳಿಸಿದ ಮಾಡೆಲ್ ಟಿ

1903ರಲ್ಲಿ ಫೋರ್ಡ್ ಮೋಟಾರ್ ಕಂಪನಿ ಆರಂಭವಾಯಿತು. ಆ ಕಾಲಕ್ಕೆ ದೊಡ್ಡ, ಭಾರದ ಕಾರೇ ಗಟ್ಟಿ ಕಾರು ಎಂಬ ಭಾವನೆಯಿತ್ತು. ಫೋರ್ಡ್ ಇದನ್ನು ಒಪ್ಪಲಿಲ್ಲ. ಅಪಘಾತದಲ್ಲಿ ನುಚ್ಚುನೂರಾಗಿದ್ದ ಫ್ರೆಂಚ್ ರೇಸ್ ಕಾರೊಂದರ ಚಿಕ್ಕ ಬಿಡಿಭಾಗವನ್ನು ಕೈಗೆತ್ತಿಕೊಂಡಾಗ, ಅದು ಅಷ್ಟು ಹಗುರವಾಗಿಯೂ ಗಟ್ಟಿಯಾಗಿಯೂ ಇದ್ದದ್ದು ಬೆರಗು ಮೂಡಿಸಿತು ಎಂದು 1922ರ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಪರೀಕ್ಷಿಸಿದಾಗ ಅದು ವೆನೇಡಿಯಂ ಬೆರೆಸಿದ ಉಕ್ಕು ಎಂದು ತಿಳಿಯಿತು.

1908ರಲ್ಲಿ ಬಂದ ಮಾಡೆಲ್ ಟಿ ಕಾರಿನಲ್ಲಿ ಇದೇ ಉಕ್ಕು ಬಳಕೆಯಾಯಿತು. ಕಾರಿನ ತೂಕ ಸುಮಾರು 545 ಕೆ.ಜಿ. ಲೀಟರ್ ಪೆಟ್ರೋಲ್‌ಗೆ 5ರಿಂದ 9 ಕಿ.ಮೀ. ಓಡುತ್ತಿತ್ತು. 1927ರವರೆಗೆ ಒಂದೂವರೆ ಕೋಟಿ ಕಾರುಗಳು ತಯಾರಾದವು. ನಂತರ ಬಂದ ಮಾಡೆಲ್ ಎ ಕಾರಿಗೆ ಒಡೆದರೂ ಚೂರುಚೂರಾಗಿ ಸಿಡಿಯದ ಗಾಜನ್ನು ಮುಂದೆ ಅಳವಡಿಸಲಾಯಿತು. ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ ಈ ಗಾಜು ಕೂಡ ಒಂದು ಮಿಶ್ರ ವಸ್ತುವೇ.

ಫೋರ್ಡ್ ಬದುಕಿಗೆ ಕಪ್ಪು ಚುಕ್ಕೆಗಳೂ ಇವೆ. ಅವರ ಒಡೆತನದ ಪತ್ರಿಕೆ 1920ರ ದಶಕದಲ್ಲಿ ಯಹೂದಿಗಳ ವಿರುದ್ಧ ದ್ವೇಷ ಹರಡಿತು. ಕಾರ್ಮಿಕ ಸಂಘಟನೆಗಳನ್ನು ಅವರು ವರ್ಷಗಳ ಕಾಲ ಹತ್ತಿಕ್ಕಿದರು.

ಹೊಲದಿಂದ ಬಂದ ಕಾರು

1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ರೈತರು ಬೆಲೆಯಿಲ್ಲದೆ ಕಂಗಾಲಾದರು. ಹೊಲ ಬಿಟ್ಟು ಬಂದಿದ್ದ ಫೋರ್ಡ್ ಮತ್ತೆ ಹೊಲದತ್ತ ತಿರುಗಿದರು. ಬೆಳೆಯನ್ನು ಕಾರ್ಖಾನೆಗೆ ತಂದರೆ ರೈತರೂ ಉಳಿಯುತ್ತಾರೆ ಎಂಬುದು ಅವರ ಲೆಕ್ಕ. ಯುವ ರಸಾಯನ ತಜ್ಞ ರಾಬರ್ಟ್ ಬಾಯರ್ ನೇತೃತ್ವದಲ್ಲಿ ಪ್ರಯೋಗಾಲಯ ಕೆಲಸಕ್ಕಿಳಿಯಿತು. ಕಾರಿನ ಬಣ್ಣ, ಹಾರ್ನ್ ಬಟನ್, ಗೇರ್ ಹಿಡಿಗಳಿಗೆ ಸೋಯಾಬೀನ್ ಬಳಕೆಯಾಯಿತು.

1941ರ ಆಗಸ್ಟ್ 13ರಂದು ಇಡೀ ಕಾರೇ ಜನರ ಮುಂದೆ ಬಂತು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ 14 ಪ್ಲಾಸ್ಟಿಕ್ ಹಲಗೆಗಳು. ಸೋಯಾಬೀನ್ ನಾರನ್ನು ಫಿನಾಲ್ ರಾಳದಲ್ಲಿ ಬೆರೆಸಿ ಹಲಗೆಗಳನ್ನು ತಯಾರಿಸಲಾಗಿತ್ತು ಎಂದು ಅದನ್ನು ಕಟ್ಟಿದ ಲೋವೆಲ್ ಓವರ್ಲಿ ನಂತರ ನೆನಪಿಸಿಕೊಂಡಿದ್ದಾರೆ. ಕಾರಿನ ತೂಕ ಸುಮಾರು 900 ಕೆ.ಜಿ. ಉಕ್ಕಿನ ಕಾರಿಗಿಂತ ಸುಮಾರು 450 ಕೆ.ಜಿ. ಕಡಿಮೆ! ಉರುಳಿ ಬಿದ್ದರೂ ಅಪ್ಪಚ್ಚಿಯಾಗದು, ಉಕ್ಕಿಗಿಂತ ಸುರಕ್ಷಿತ ಎಂಬ ಪ್ರಚಾರವೂ ನಡೆಯಿತು.

ಕೊಡಲಿ ಹೇಳದ ಸತ್ಯ

ಆದರೆ ಅಂದು ಬೀಸಿದ ಕೊಡಲಿಯ ಚೂಪಾದ ಬದಿಗೆ ರಬ್ಬರ್ ಕವಚ ಹಾಕಲಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಏಟು ಬಿದ್ದಿದ್ದು ಮುಚ್ಚಳಕ್ಕೆ. ಒಳಗೆ ಕೂತವರ ಗತಿಯೇನು ಎಂಬುದು ಅದರಿಂದ ತಿಳಿಯುವುದಿಲ್ಲ. ಕಾರು ಎಲ್ಲಿಗಾದರೂ ಗುದ್ದಿದಾಗ ಅದರ ವೇಗದ ಶಕ್ತಿ ಎಲ್ಲಾದರೂ ಕರಗಲೇಬೇಕು. ಕಾರಿನ ಮುಂಭಾಗ ಬಗ್ಗಿ, ಮುದುಡಿ ಅದನ್ನು ಹೀರಿಕೊಳ್ಳದಿದ್ದರೆ ಏಟು ನೇರವಾಗಿ ಪ್ರಯಾಣಿಕರಿಗೆ ತಾಗುತ್ತದೆ. ಈ ತತ್ವವನ್ನು ಕಾರಿನ ವಿನ್ಯಾಸಕ್ಕೆ ತಂದವರು ಮರ್ಸಿಡಿಸ್ ಕಂಪನಿಯ ಬೇಲಾ ಬಾರೆನಿ, ಅದೂ 1950ರ ದಶಕದಲ್ಲಿ.

ಸೋಯಾಬೀನ್ ಕಾರಿಗೆ ಆ ಪರೀಕ್ಷೆ ಎದುರಿಸುವ ಅವಕಾಶವೇ ಸಿಗಲಿಲ್ಲ. ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿಯಿತು. 1942ರ ಫೆಬ್ರವರಿಯಲ್ಲಿ ಸಾರ್ವಜನಿಕರ ಬಳಕೆಯ ಕಾರುಗಳ ತಯಾರಿಕೆ ನಿಂತಿತು. ಇದ್ದ ಒಂದೇ ಕಾರನ್ನೂ ನಾಶಪಡಿಸಲಾಯಿತು. 1943ರಲ್ಲಿ ಏಕೈಕ ಪುತ್ರ ಎಡ್ಸೆಲ್ 49ನೇ ವಯಸ್ಸಿನಲ್ಲಿ ಕ್ಯಾನ್ಸರ್‌ಗೆ ಬಲಿಯಾದರು. ಫೋರ್ಡ್ ಕುಗ್ಗಿಹೋದರು. 1945ರಲ್ಲಿ ಕಂಪನಿಯನ್ನು ಮೊಮ್ಮಗನಿಗೆ ಒಪ್ಪಿಸಿದರು.

ಫೋರ್ಡ್ ಉತ್ತರಿಸದೆ ಬಿಟ್ಟ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ದಶಕಗಳ ನಂತರ. 1981ರಲ್ಲಿ ಇಟಲಿಯ ಮೊಂಜಾದಲ್ಲಿ ಜಾನ್ ವಾಟ್ಸನ್ ಓಡಿಸುತ್ತಿದ್ದ ಮೆಕ್ಲಾರೆನ್ ರೇಸ್ ಕಾರು ಅಪ್ಪಳಿಸಿ ಎರಡು ತುಂಡಾಯಿತು. ಕಾರ್ಬನ್ ಫೈಬರ್‌ನ ಒಳಗೂಡಿನಲ್ಲಿ ಕೂತಿದ್ದ ವಾಟ್ಸನ್ ಎದ್ದು ನಡೆದು ಬಂದರು. 2013ರಲ್ಲಿ ಬಿಎಂಡಬ್ಲ್ಯು ಕಂಪನಿ ಬ್ಯಾಟರಿಯ ಭಾರ ಸರಿದೂಗಿಸಲು ತನ್ನ ಐ3 ವಿದ್ಯುತ್ ಕಾರಿಗೆ ಕಾರ್ಬನ್ ಫೈಬರ್ ಒಳಗೂಡನ್ನೇ ಕೊಟ್ಟಿತು.

ಇದ್ಯಾವುದನ್ನೂ ಫೋರ್ಡ್ ನೋಡಲಿಲ್ಲ. 1947ರ ಏಪ್ರಿಲ್ 7ರಂದು ರೂಜ್ ನದಿ ಉಕ್ಕಿ ಹರಿದು ಡಿಯರ್‌ಬಾರ್ನ್‌ನ ಅವರ ಮನೆಯ ವಿದ್ಯುತ್ ಕಡಿತಗೊಂಡಿತ್ತು. ಆ ರಾತ್ರಿ ಮೇಣದ ಬತ್ತಿ, ಸೀಮೆಎಣ್ಣೆ ದೀಪದ ಬೆಳಕಿನಲ್ಲೇ 83 ವರ್ಷದ ಹೆನ್ರಿ ಫೋರ್ಡ್ ಕೊನೆಯುಸಿರೆಳೆದರು.