ಪದವಿಯಿಲ್ಲದ ಪಂಡಿತ

ಓದಿನ ಹಾದಿ ಎಲ್ಲರಿಗೂ ಸಮನಾಗಿರುವುದಿಲ್ಲ. ವೈದ್ಯನಾಗಬೇಕೆಂದು ಹೊರಟ ವಿದ್ಯಾರ್ಥಿಗೆ ರಸಾಯನಶಾಸ್ತ್ರದ ತರಗತಿಯೇ ಏರಲಾರದ ಬೆಟ್ಟವಾಗಿ ತೋರಬಹುದು. ಇನ್ನೊಬ್ಬನಿಗೆ ವಿಷಯವು ಸುಲಭವಾಗಿದ್ದರೂ ಮನೆಯ ಕಷ್ಟ ಅಡ್ಡ ಬರಬಹುದು. ಹಿಡಿದುದನ್ನು ಮುಂದುವರಿಸುವುದೋ, ಅಲ್ಲಿಗೇ ಬಿಡುವುದೋ ಎಂಬ ಪ್ರಶ್ನೆ ಆಗ ಎದುರಾಗುತ್ತದೆ. ಅಂಥ ಸಂದರ್ಭದಲ್ಲಿ ಪರೀಕ್ಷೆಯನ್ನು ಅರ್ಧಕ್ಕೆ ಬಿಟ್ಟುಬಂದರೂ ಕಲಿಕೆಯನ್ನು ಬಾಳಿನ ಕೊನೆಯವರೆಗೂ ಬಿಡದ ಹಿರಿಯರೊಬ್ಬರು ನಮ್ಮ ನಾಡಿನಲ್ಲಿ ಆಗಿಹೋದರು. ಅವರೇ ಮಂಜೇಶ್ವರದ ಗೋವಿಂದ ಪೈಗಳು.

ಪೈಗಳು ಹುಟ್ಟಿದುದು 1883ನೆಯ ಇಸವಿ ಮಾರ್ಚ್ 23ರಂದು, ಮಂಜೇಶ್ವರದಲ್ಲಿ. ಕಡಲತಡಿಯ ಆ ಊರು ಅಂದು ಮದರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರಲ್ಲಿ ಕೇರಳಕ್ಕೆ ಸೇರಿ, ಈಗ ಕಾಸರಗೋಡು ಜಿಲ್ಲೆಯಲ್ಲಿದೆ. ತಂದೆ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಮಂಗಳೂರಿನಲ್ಲಿ ಓದುತ್ತಿದ್ದಾಗ ಮಕ್ಕಳ ಕವಿಯೆಂದು ಹೆಸರಾದ ಪಂಜೆ ಮಂಗೇಶರಾಯರು ಅವರಿಗೆ ಗುರುಗಳಾಗಿದ್ದರು. ಮುಂದೆ ಬಿ.ಎ. ಪದವಿಗಾಗಿ ಅವರು ಮದರಾಸಿಗೆ ಹೋಗಿ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು.

ಪದವಿಯ ಅಂತಿಮ ಪರೀಕ್ಷೆ ಬಂದಿತು. ಇಂಗ್ಲಿಷ್ ಭಾಷೆಯ ಪರೀಕ್ಷೆ ಮುಗಿದು, ಉಳಿದ ವಿಷಯಗಳು ಬಾಕಿಯಿದ್ದವು. ತಂದೆಯವರನ್ನು ಕಳೆದುಕೊಂಡ ದುಃಖ ಅಷ್ಟರಲ್ಲಿಯೇ ಅವರ ಮೇಲೆ ಬಂದೆರಗಿತು. ತರುಣನ ಮುಂದೆ ಆಗ ಎರಡು ದಾರಿಗಳಿದ್ದವು. ಕೆಲವೇ ದಿನ ನಿಂತು ಉಳಿದ ಪರೀಕ್ಷೆಗಳನ್ನು ಬರೆದಿದ್ದರೆ ಪದವಿ ಕೈಗೆ ಬರುತ್ತಿತ್ತು. ಅಂದಿನ ದಿನಗಳಲ್ಲಿ ಬಿ.ಎ. ಎಂದರೆ ಸರಕಾರಿ ಹುದ್ದೆಗೂ ಸಮಾಜದ ಗೌರವಕ್ಕೂ ತೆರೆದ ಬಾಗಿಲು. ಇತ್ತ ನೋಡಿದರೆ ಮನೆಗೆ ಆಸರೆಯಾಗಬೇಕಾದ ಹೊಣೆ. ಪೈಗಳು ಮನೆಯ ಹೊಣೆಯನ್ನೇ ಆರಿಸಿಕೊಂಡು ಊರಿಗೆ ಮರಳಿದರು. ಪದವಿ ದೊರೆಯಲಿಲ್ಲ. ಆದರೆ ಬರೆದಿದ್ದ ಇಂಗ್ಲಿಷ್ ವಿಷಯದಲ್ಲಿ ಅವರಿಗೆ ಚಿನ್ನದ ಪದಕ ಬಂದಿತು.

ಅವರು ಬಿಟ್ಟುಬಂದುದು ಕಷ್ಟಕ್ಕೆ ಅಂಜಿ ಅಲ್ಲ ಎಂಬುದಕ್ಕೆ ಆ ಪದಕವೊಂದೇ ಸಾಕ್ಷಿಯಲ್ಲ. ಅವರ ಮುಂದಿನ ಬಾಳೆಲ್ಲವೂ ಸಾಕ್ಷಿ. ಮನೆತನಕ್ಕೆ ಅನುಕೂಲವಿದ್ದುದರಿಂದ ಉದರಭರಣದ ಚಿಂತೆ ಅವರಿಗೆ ಇರಲಿಲ್ಲ. ಅಂಥ ಸೌಕರ್ಯ ಎಲ್ಲರಿಗೂ ದೊರೆಯುವುದಿಲ್ಲ, ನಿಜ. ಆದರೆ ಸಿರಿಯಿದ್ದವರೆಲ್ಲ ಪಂಡಿತರಾಗುವುದಿಲ್ಲವಷ್ಟೆ! ಮಂಜೇಶ್ವರದ ಮನೆಯನ್ನೇ ಅವರು ಪಾಠಶಾಲೆಯನ್ನಾಗಿ ಮಾಡಿಕೊಂಡರು. ಸಂಸ್ಕೃತ, ಪ್ರಾಕೃತ, ಪಾಳಿ, ಬಂಗಾಳಿ, ಗ್ರೀಕ್ ಮೊದಲಾದ ಹಲವು ಭಾಷೆಗಳನ್ನು ಕಲಿತರು. ಕಲಿಯೆಂದು ಹೇಳುವ ಅಧ್ಯಾಪಕರಿರಲಿಲ್ಲ. ಕಲಿತುದಕ್ಕೆ ಅಂಕ ಕೊಡುವವರೂ ಇರಲಿಲ್ಲ.

ಕಾವ್ಯಕ್ಷೇತ್ರದಲ್ಲಿಯೂ ಅವರು ಒಂದು ದೊಡ್ಡ ತ್ಯಾಗವನ್ನು ಮಾಡಬೇಕಾಯಿತು. ಹಳೆಯ ಕನ್ನಡ ಕಾವ್ಯದಲ್ಲಿ ಪದ್ಯದ ಪ್ರತಿಯೊಂದು ಪಾದದ ಎರಡನೆಯ ಅಕ್ಷರದಲ್ಲಿಯೂ ಒಂದೇ ವ್ಯಂಜನ ಬರಬೇಕೆಂಬ ನಿಯಮವಿತ್ತು. ಇದಕ್ಕೆ ಆದಿಪ್ರಾಸವೆಂದು ಹೆಸರು. ಸಂಸ್ಕೃತದ ಮಹಾಕಾವ್ಯಗಳಲ್ಲಿ ಇಂಥ ಕಟ್ಟು ಇರಲಿಲ್ಲ. ಪ್ರಾಸಕ್ಕಾಗಿ ಪದವನ್ನು ಹುಡುಕುವ ಕವಿ ಎಷ್ಟೋ ವೇಳೆ ಭಾವವನ್ನು ಕಳೆದುಕೊಳ್ಳುತ್ತಾನೆ. ಪೈಗಳು 1911ರಲ್ಲಿ ಆ ನಿಯಮವನ್ನು ಕೈಬಿಟ್ಟರು. ಪ್ರಾಸ ಬಾರದವನು ಪ್ರಾಸವನ್ನು ಬಿಟ್ಟರೆ ಅದು ಸೋಲು. ಅದರ ಬಲವನ್ನೂ ಮಿತಿಯನ್ನೂ ಅರಿತವನು ಬಿಟ್ಟರೆ ಅದು ವಿವೇಕ. ಹೊಸಗನ್ನಡ ಕವಿತೆಗೆ ಈ ವಿವೇಕ ಹೊಸ ದಾರಿಯನ್ನು ತೆರೆಯಿತು.

1930ರಲ್ಲಿ ಅವರ ಕವನಸಂಕಲನ ‘ಗಿಳಿವಿಂಡು’ ಪ್ರಕಟವಾಯಿತು. ಏಸುಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ, ಬುದ್ಧನ ನಿರ್ವಾಣವನ್ನು ‘ವೈಶಾಖಿ’ಯಲ್ಲಿ ಅವರು ಚಿತ್ರಿಸಿದರು. ಏಕಲವ್ಯನ ಕಥೆಯನ್ನು ‘ಹೆಬ್ಬೆರಳು’ ಎಂಬ ನಾಟಕವಾಗಿಸಿದರು. ಗುರುವಿನ ಶಾಲೆಯಲ್ಲಿ ಸ್ಥಾನ ದೊರೆಯದೆ ಕಾಡಿನಲ್ಲಿ ತಾನೇ ಕಲಿತ ಆ ಬೇಡರ ಹುಡುಗನ ಕಥೆ, ಕಾಲೇಜಿನ ಹೊರಗೆ ನಿಂತು ಕಲಿತ ಈ ಕವಿಯ ಕೈಗೆ ಬಂದುದು ಔಚಿತ್ಯಪೂರ್ಣವಾಗಿದೆ.

ಸಂಶೋಧನೆಯಲ್ಲಿಯೂ ಅವರದು ಪರಿಶ್ರಮದ ಹಾದಿಯೇ. ಬಸವಣ್ಣನವರ ಕಾಲ, ಶ್ರವಣಬೆಳಗೊಳದ ಗೊಮ್ಮಟಮೂರ್ತಿಯ ಕಾಲ ಮೊದಲಾದ ವಿಷಯಗಳನ್ನು ಶಾಸನ, ಕಾವ್ಯ, ಪಂಚಾಂಗಗಣನೆಗಳ ನೆರವಿನಿಂದ ಪರಿಶೀಲಿಸಿದರು. ಒಂದು ತಿಥಿಯನ್ನು ನಿರ್ಣಯಿಸಲು ವಾರ, ನಕ್ಷತ್ರ, ಸಂವತ್ಸರಗಳನ್ನು ಒಂದಕ್ಕೊಂದು ತಾಳೆ ನೋಡಬೇಕು. ಸುಲಭವಾದುದನ್ನೇ ಅರಸುವವನು ಇಂಥ ಕೆಲಸಕ್ಕೆ ಕೈಹಾಕುವುದಿಲ್ಲ.

1949ರಲ್ಲಿ ಮದರಾಸು ಸರಕಾರ ಪೈಗಳಿಗೆ ರಾಷ್ಟ್ರಕವಿ ಎಂಬ ಬಿರುದನ್ನಿತ್ತು ಗೌರವಿಸಿತು. 1951ರಲ್ಲಿ ಮುಂಬಯಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1963ರ ಸೆಪ್ಟೆಂಬರ್ 6ರಂದು ತೀರಿಕೊಂಡರು. ಅವರು ಕೂಡಿಸಿದ ಪುಸ್ತಕಗಳು ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಉಳಿದುಬಂದು, ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರ ಬೆಳೆಯಿತು. ಮಂಜೇಶ್ವರದಲ್ಲಿ 1980ರಲ್ಲಿ ಆರಂಭವಾದ ಸರಕಾರಿ ಕಾಲೇಜೂ ಅವರ ಹೆಸರನ್ನೇ ಹೊತ್ತಿದೆ. ಪದವಿ ಪಡೆಯದವರ ಹೆಸರಿನ ಕಾಲೇಜಿನಲ್ಲಿ ಇಂದು ತರುಣ ತರುಣಿಯರು ಪದವಿಗಾಗಿ ಓದುತ್ತಿದ್ದಾರೆ.

ಈ ಬಾಳನ್ನು ಓದಿ, ತರಗತಿಯನ್ನು ಬಿಡುವುದೇ ದೊಡ್ಡಸ್ತಿಕೆಯೆಂದು ಯಾರೂ ತಿಳಿಯಬಾರದು. ಪಾಠ ಕಠಿನವೆನಿಸಿದಾಗ ಗುರುಗಳನ್ನು ಕೇಳಿ, ಹಿರಿಯರೊಡನೆ ಆಲೋಚಿಸಿ, ಮತ್ತೊಮ್ಮೆ ಯತ್ನಿಸುವುದೇ ಮೊದಲ ಕರ್ತವ್ಯ. ಆದರೂ ಬಿಡಲೇಬೇಕಾದ ಸಂದರ್ಭ ಬಂದರೆ ಎರಡು ಮಾತುಗಳನ್ನು ನಮಗೆ ನಾವೇ ಕೇಳಿಕೊಳ್ಳಬೇಕು: ನಾನು ಇದನ್ನು ಬಿಡುತ್ತಿರುವುದು ಅಂಜಿಕೆಯಿಂದಲೋ, ಅದಕ್ಕಿಂತ ಹಿರಿದಾದ ಕಾರಣದಿಂದಲೋ? ಬಿಟ್ಟ ಮರುದಿನ ಬೆಳಗ್ಗೆ ನಾನು ಏನನ್ನು ಕಲಿಯಲು ಕುಳಿತುಕೊಳ್ಳುತ್ತೇನೆ? ಮೊದಲನೆಯದಕ್ಕೆ ಪೈಗಳು ಮದರಾಸಿನಿಂದ ಹೊರಟ ದಿನವೇ ಉತ್ತರವಿತ್ತರು. ಎರಡನೆಯದಕ್ಕೆ ಉತ್ತರವೀಯಲು ತಮ್ಮ ಇಡೀ ಜೀವಮಾನವನ್ನೇ ಸವೆಸಿದರು.